ದಪ್ಪ ಮೊಳೆಯ ಹಾಳೆಗಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನಗಳಲ್ಲೂ ನಾನು ಡೈರಿ ಬರೆಯುತ್ತಿದ್ದೆ, ಆದರೆ ಕೆಲಸ ಹೆಚ್ಚಿದ್ದ ವಾರಗಳಲ್ಲೇ ಡೈರಿ ಬಡಕಲಾಗಿದೆ. "ಶಿಕಾರಿಪುರಕ್ಕೆ ಹೋದೆ. ಹಾಳೆ ಸರಿಬರಲಿಲ್ಲ" ಎಂದಷ್ಟೇ ಬರೆದು ಮುಗಿಸಿದ್ದೇನೆ. ಯಾಕೆ ಸರಿಬರಲಿಲ್ಲ, ಯಾರು ಏನಂದರು ಅನ್ನುವುದನ್ನೆಲ್ಲ ಈಗ ನೆನಪಿನಿಂದ ತುಂಬಿಕೊಳ್ಳುತ್ತಿದ್ದೇನೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ. ಆ ನಾಟಕದ ಕರಪತ್ರ ಅಂಟಿಸಿದ್ದು ಹೊಸಬಾಳೆಯ ಅಂಗಡಿ ಗೋಡೆಗೋ, ಬಸ್ಸು ನಿಲ್ಲುವ ಕಡೆಯ ಮರಕ್ಕೋ ಎಂದು ಕೇಳಿದರೆ ಹೇಳಲಾರೆ. ನನ್ನ ತರಗತಿಯ ಒಬ್ಬಾಕೆ ಅದನ್ನು ಓದಿದ್ದು ಮಾತ್ರ ನಿಜ.

ಐವತ್ತರ ದಶಕದ ಕೊನೆ. ಮೈಸೂರಿನಲ್ಲಿ ಬಿ.ಎ. ಮುಗಿಸಿದ್ದ ನನಗೆ ಸೊರಬದ ಬ್ಲಾಕ್ ಆಫೀಸಿನಲ್ಲಿ ಹಳ್ಳಿಯ ಹೆಂಗಸರಿಗೆ ಓದು ಬರಹ ಕಲಿಸುವ ಕೆಲಸ ಸಿಕ್ಕಿತ್ತು. ಹೊಸಬಾಳೆಯಲ್ಲಿ ಮಧ್ಯಾಹ್ನ, ಊಟದ ಪಾತ್ರೆ ತೊಳೆದಾದ ಮೇಲೆ, ಶಾಲೆಯ ಜಗಲಿಯಲ್ಲಿ ತರಗತಿ. ಬರುತ್ತಿದ್ದವರಲ್ಲಿ ಒಬ್ಬಾಕೆಗೆ ಮೂವತ್ತರ ಆಸುಪಾಸು. ಗಂಡ ಬಿಟ್ಟಿದ್ದ, ಅಣ್ಣನ ಮನೆಯಲ್ಲಿದ್ದಳು. ಚಿಕ್ಕಂದಿನಲ್ಲಿ ಸಿಡುಬು ಬಂದು ಒಂದು ಕಣ್ಣಿಗೆ ಪೂರ್ತಿ, ಇನ್ನೊಂದಕ್ಕೆ ಅರ್ಧ ಹೂವು ಬಿದ್ದಿತ್ತು. ಕನ್ನಡಕದಿಂದ ಉಪಯೋಗವಿಲ್ಲ ಎಂದು ಶಿವಮೊಗ್ಗದ ಡಾಕ್ಟರು ಹೇಳಿ ಕಳಿಸಿದ್ದರಂತೆ.

ಆಕೆ ತರಗತಿಗೆ ಬರುವುದಕ್ಕೆ ಒಂದು ಗಟ್ಟಿ ಕಾರಣವಿತ್ತು. ಊರಿಗೆ ಬಾಲವಾಡಿ ಮಂಜೂರಾಗಿತ್ತು. ಮಕ್ಕಳನ್ನು ನೋಡಿಕೊಳ್ಳಲು ಅದೇ ಊರಿನ ಹೆಂಗಸೊಬ್ಬಳನ್ನು ತೆಗೆದುಕೊಳ್ಳುತ್ತಾರೆ, ಜಿಲ್ಲೆಯ ಅಧಿಕಾರಿ ಬಂದಾಗ ಅವರೆದುರು ಒಂದು ಪುಟ ಓದಿ ತೋರಿಸಬೇಕು ಎಂದು ಆಫೀಸಿನಿಂದ ತಿಳಿಸಿದ್ದರು. ಅದು ಆಗದಿದ್ದರೆ ಆಕೆ ಹರಿಹರಕ್ಕೆ, ದೊಡ್ಡಮ್ಮನ ಮಗನ ಮನೆಗೆ, ಅಡುಗೆ ಮಾಡಿಕೊಂಡಿರಲು ಹೋಗುವುದೆಂದು ಮನೆಯಲ್ಲಿ ನಿರ್ಧಾರವಾಗಿತ್ತು. ಹರಿಹರಕ್ಕೆ ಹೋಗಲು ಆಕೆಗೆ ಇಷ್ಟವಿರಲಿಲ್ಲ. ಊರ ಮಕ್ಕಳೆಲ್ಲ ಆಗಲೇ ಆಕೆಯ ಸೆರಗು ಹಿಡಿದು ತಿರುಗುತ್ತಿದ್ದವು.

ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ ಒಂದೊಂದೇ ಅಕ್ಷರವನ್ನು ಗುರುತಿಸುತ್ತಿದ್ದಳು, ಆದರೆ ಪುಸ್ತಕ ಕೊಟ್ಟರೆ ಒಂದು ಸಾಲೂ ಓದುತ್ತಿರಲಿಲ್ಲ. ನಾನು ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಳು. ಪುಟ ತಿರುಗಿಸಿಕೊಟ್ಟರೂ ಹಳೆಯ ಪುಟದ್ದನ್ನೇ ಒಪ್ಪಿಸುತ್ತಿದ್ದಳು. ಕಲಿಯುವ ಶಕ್ತಿಯೇ ಕಡಿಮೆ ಎಂದು ತಿಂಗಳ ವರದಿಯಲ್ಲಿ ಬರೆಯಬೇಕೆಂದಿದ್ದೆ.

ಒಂದು ದಿನ ತರಗತಿ ಮುಗಿಸಿ ಬಸ್ಸಿಗೆ ಹೊರಟಾಗ ಆಕೆಯೂ ಜೊತೆಗಿದ್ದಳು. ನಾಟಕದ ಕರಪತ್ರ ಅಂಟಿಸಿದ್ದ ಕಡೆ ನಿಂತು, ತಲೆಯನ್ನು ಬಲಕ್ಕೆ ವಾಲಿಸಿ, "ತಪ್ಪದೆ ನೋಡಿರಿ" ಅಂದಳು. ನನಗೆ ಹೇಳಿದಳೇನೋ ಅಂದುಕೊಂಡು ಏನು ನೋಡಬೇಕು ಅಂತ ಕೇಳಿದೆ. ಕರಪತ್ರದತ್ತ ಕೈ ತೋರಿಸಿದಳು. ಅಲ್ಲಿ ದಪ್ಪ ಅಕ್ಷರದಲ್ಲಿ ಅದೇ ಇತ್ತು.

"ಇದು ಓದಾಕಾಗ್ತದೆ, ಪುಸ್ತಕ ಯಾಕೆ ಆಗಲ್ಲ?" ಎಂದೆ.

"ಪುಸ್ತಕದ್ದು ಇರುವೆ ಸಾಲು ಅಕ್ಕೋರೆ. ಇದು ಎಮ್ಮೆ ಹಿಂಡು. ಎಮ್ಮೆ ಕಾಣದೆ ಇರ್ತದಾ?"

ಆ ಎಮ್ಮೆ ಹಿಂಡು ಎಲ್ಲಿಯದೆಂದು ನನಗೆ ಗೊತ್ತಿತ್ತು. ಶಿಕಾರಿಪುರದಲ್ಲಿ ನನ್ನ ಸೋದರಮಾವನ ಅಚ್ಚುಕೂಟವಿತ್ತು. ಸುತ್ತಲಿನ ನಾಟಕದ ಕರಪತ್ರ, ದನದ ಜಾತ್ರೆಯ ಪ್ರಕಟಣೆ, ಲಗ್ನಪತ್ರಿಕೆ ಎಲ್ಲ ಅಲ್ಲೇ ಅಚ್ಚಾಗುತ್ತಿದ್ದವು. ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಮೆಷಿನ್ನು, ಗೋಡೆಗೆ ಒರಗಿಸಿದ ಮೊಳೆಯ ಕೇಸುಗಳು, ಅಂದರೆ ಸಣ್ಣ ಸಣ್ಣ ಮನೆಗಳಿರುವ ಮರದ ತಟ್ಟೆಗಳು. ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ. ಮಾವ ಅವನ್ನು ಎಡಗೈಯ ಕಬ್ಬಿಣದ ಪಟ್ಟಿಯಲ್ಲಿ ಸಾಲಾಗಿ ಜೋಡಿಸುತ್ತಿದ್ದರು, ಅಚ್ಚಾದ ಮೇಲೆ ಬಿಚ್ಚಿ ಮತ್ತೆ ಅವುಗಳ ಮನೆಗೆ ಹಾಕುತ್ತಿದ್ದರು.

ದಪ್ಪ ಮೊಳೆಗಳಿದ್ದದ್ದು ಒಂದೇ ಕೇಸು. ಅವು ಹಳೆಯ ಕಾಲದ ಅಕ್ಷರ. ಹೊಟ್ಟೆಯ ಕಡೆ ಕೊಬ್ಬಿದ ಗೆರೆ, ಸುತ್ತು ಬಂದು ಸೇರುವ ಕಡೆ ಕೂದಲೆಳೆಯಷ್ಟು ಸಣ್ಣ. ತಲೆಕಟ್ಟು ಉಳಿಯಿಂದ ಕಡಿದ ಹಾಗೆ ಬಲಕ್ಕೆ ಮೊನೆಯಾಗಿ ಏಳುತ್ತಿತ್ತು. ಬಾಲಗಳ ತುದಿಯಲ್ಲಿ ಹನಿ ನಿಂತಂಥ ಗುಂಡು. ಒಂದು ಅಕ್ಷರವನ್ನೇ ನೋಡುತ್ತ ಕೂತರೆ ಅದು ಕುಳಿತ ರೀತಿಯಲ್ಲೇ ಏನೋ ಗತ್ತು ಕಾಣುತ್ತಿತ್ತು. ತೆಳು ಮೊಳೆಯ ಪುಟದ ಮಧ್ಯೆ ಅದರ ಒಂದೇ ಪದ ಬಂದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಆದ್ದರಿಂದ ಮಾವ ಅದನ್ನು ತಲೆಬರಹಕ್ಕೆ, ಹೆಸರಿಗೆ ಮಾತ್ರ ಬಳಸುತ್ತಿದ್ದರು. ಇಡೀ ಪುಟವನ್ನು ಅದರಲ್ಲಿ ಕೂಡಿಸಿಕೊಡಿ ಎಂದು ನಾನು ಕೇಳಿದಾಗ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

"ಅದು ದಿನಾ ಉಡೋ ಸೀರೆ ಅಲ್ಲ ಮಾರಾಯ್ತಿ. ಸವದುಹೋಗ್ತತಿ. ನಾಟಕದವ್ರು ಬಂದ್ರೆ ನಿನ್ನ ಮಖ ತೋರಿಸ್ಲಾ?"

ನಾನು ಆಕೆಯ ಕಣ್ಣಿನ ವಿಷಯ ಹೇಳಿದೆ, ಹರಿಹರದ ವಿಷಯವನ್ನೂ ಹೇಳಿದೆ. ಮಾವ ಒಪ್ಪಿದೆ ಅನ್ನಲಿಲ್ಲ, ಕೇಸನ್ನು ಎಳೆದು ಧೂಳು ಊದಿದರು. ಅವರು ಒಪ್ಪುವ ರೀತಿಯೇ ಅದು.

ಮೊದಲ ಹಾಳೆಗೆ ನಾನೇ ಬರೆದೆ. ಬಿತ್ತನೆ ಬತ್ತವನ್ನು ಹೇಗೆ ಒಣಗಿಸಿಡಬೇಕು ಎಂಬ ಬಗ್ಗೆ ಒಂದು ಪುಟ. ಕಷ್ಟ ಅಲ್ಲಿಂದಲೇ ಶುರುವಾಯಿತು. ಆ ಕೇಸಿನಲ್ಲಿ ಒಂದು ಪುಟಕ್ಕೆ ಸಾಕಾಗುವಷ್ಟು ಮೊಳೆಗಳಿರಲಿಲ್ಲ. 'ತ' ಮುಗಿದರೆ ಕೆಲಸ ನಿಲ್ಲುತ್ತಿತ್ತು. ಹಾಗಾಗಿ ಮೇಲಿನ ಅರ್ಧ ಜೋಡಿಸಿ ಎಲ್ಲ ಪ್ರತಿಗಳನ್ನೂ ಅಚ್ಚು ಹಾಕಿ, ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿ, ಕೆಳಗಿನ ಅರ್ಧ ಜೋಡಿಸಿ, ಅದೇ ಹಾಳೆಗಳನ್ನು ಇನ್ನೊಂದು ಸಲ ಮೆಷಿನ್ನಿಗೆ ಕೊಡಬೇಕಾಯಿತು. ಎರಡನೆಯ ಸಲಕ್ಕೆ ಕಾಗದ ಸ್ವಲ್ಪ ಓರೆಯಾಗಿ ಕೂತಿತು. ಕೆಳಗಿನ ಸಾಲುಗಳು ಇಳಿಜಾರಿನಲ್ಲಿ ಜಾರುತ್ತಿರುವಂತೆ ಕಂಡವು. ನನಗೆ ಅದು ದೊಡ್ಡದೆನಿಸಲಿಲ್ಲ. ಹಾಳೆ ಹಿಡಿದು ಖುಷಿಯಲ್ಲೇ ಶಿರಾಳಕೊಪ್ಪದ ಬಸ್ಸು ಹತ್ತಿದೆ.

ಹೊಸಬಾಳೆಯಲ್ಲಿ ಆಕೆ ಹಾಳೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ತಲೆ ವಾಲಿಸಿದಳು. ಕೊನೆಗೆ, "ಕಂಬಳಿ ಹಾಸಿದಂಗೆ ಐತೆ ಅಕ್ಕೋರೆ" ಅಂದಳು. ಉಳಿದ ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ.

ಆ ರಾತ್ರಿ ಡೈರಿಯಲ್ಲಿ ಬರೆದದ್ದೇ ಆಗಲೇ ಹೇಳಿದ ಆ ಎರಡು ವಾಕ್ಯ. ಆಮೇಲೆ ಹಾಳೆಯನ್ನೂ ಒಂದು ನಾಟಕದ ಕರಪತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಮೊಳೆ ಅದೇ, ಮಸಿ ಅದೇ. ಕರಪತ್ರದಲ್ಲಿ 'ತಪ್ಪದೆ ನೋಡಿರಿ' ಎಂಬುದರ ಸುತ್ತ ಅಂಗೈಯಷ್ಟು ಬಿಳಿ ಜಾಗವಿತ್ತು. ನನ್ನ ಹಾಳೆಯಲ್ಲಿ ಸಾಲಿನ ಮೇಲೆ ಸಾಲು ಕೂತಿತ್ತು, ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತಿದ್ದವು. ಸಣ್ಣ ಹೊಟ್ಟೆಯ ಅಕ್ಷರಗಳಲ್ಲಿ ಮಸಿ ತುಂಬಿ ಒಳಗಿನ ಬಿಳುಪೇ ಮುಚ್ಚಿಹೋಗಿತ್ತು. ಅಂದರೆ ಆಕೆಗೆ ಬೇಕಾಗಿದ್ದದ್ದು ಕಪ್ಪು ಮಾತ್ರವಲ್ಲ, ಕಪ್ಪಿನ ಸುತ್ತ ಬಿಳುಪೂ ಬೇಕಾಗಿತ್ತು. ಇದು ನನಗೆ ಮೊದಲೇ ಹೊಳೆಯಬೇಕಿತ್ತೇ? ದಪ್ಪಗೆ ಬರೆದದ್ದೆಲ್ಲ ಸ್ಪಷ್ಟ ಎಂದು ನಾನು ನಂಬಿಕೊಂಡಿದ್ದೆ.

ಮುಂದಿನ ಸಲ ಹಾಳೆಗೆ ಆರೇ ಸಾಲು. ಡೈರಿಯಲ್ಲಿ ಎಂಟು ಎಂದಿದೆ, ಆದರೆ ಆರೆಂದೇ ನನಗೆ ನೆನಪು. ಸಾಲುಗಳ ನಡುವೆ ಸೀಸದ ಪಟ್ಟಿಗಳನ್ನು ಒಂದರ ಮೇಲೊಂದು ಹಾಕಿದೆವು. ಪದ ಪದದ ನಡುವೆಯೂ ಮಾಮೂಲಿಗಿಂತ ಅಗಲ ಜಾಗ ಬಿಟ್ಟೆವು. ಮಾವ ರೋಲರಿನ ಮಸಿ ಇಳಿಸಿದರು, ಮಸಿ ಹೀರುವ ಒರಟು ಕಾಗದದ ಬದಲು ಲಗ್ನಪತ್ರಿಕೆಯಿಂದ ಉಳಿದ ನುಣುಪು ಕಾಗದ ತೆಗೆದರು. ಸಾಲು ಕಡಿಮೆಯಾದ್ದರಿಂದ ಒಂದೇ ಸಲಕ್ಕೆ ಮೊಳೆ ಸಾಕಾಯಿತು, ಓರೆಯಾಗುವ ತೊಂದರೆಯೂ ತಪ್ಪಿತು. ಆಕೆ ಆ ಹಾಳೆಯ ಮೊದಲ ಸಾಲನ್ನು ಬೆರಳಿಟ್ಟು ಓದಿದಳು. ಎರಡನೆಯದನ್ನು ಬೆರಳಿಲ್ಲದೆ ಓದಿದಳು. ಬಾಯಿಪಾಠವಲ್ಲ ಎಂದು ಖಾತ್ರಿಯಾಗಲು ನಾನು ಹಾಳೆಯನ್ನು ಮಡಚಿ ನಡುವಿನ ಸಾಲು ತೋರಿಸಿದೆ. ಅದನ್ನೂ ಓದಿದಳು.

ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಮನೆಯಲ್ಲಿ ದಿನವೂ ಓದಿಕೊಳ್ಳಿ ಎಂದು ಹೇಳಿ ಬಂದೆ. ಮುಂದಿನ ವಾರ ಹೋದಾಗ ಕೆರೆಯ ದಾರಿಯಲ್ಲಿ ಒಂದು ಹಾಳೆ ಎರಡು ತುಂಡಾಗಿ ಬಿದ್ದಿತ್ತು. ಇನ್ನೊಂದನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ್ದರು. ಯಾರ ಮನೆಯೊಳಗೂ ಹಾಳೆ ಇರಲಿಲ್ಲ. ಆಕೆ ತರಗತಿಗೇ ಬಂದಿರಲಿಲ್ಲ. ಹೆಂಗಸರು ಓದುವುದನ್ನು ಗಂಡಸರು ಸಹಿಸುತ್ತಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ. ಮನಸ್ಸಿನಲ್ಲೇ ಆಫೀಸಿಗೆ ಒಂದು ಖಾರವಾದ ವರದಿಯನ್ನೂ ಬರೆದುಕೊಂಡೆ.

ವರದಿ ಕಳಿಸುವ ಮೊದಲು ಆಕೆ ಸಿಕ್ಕಿದಳು. ಕೆರೆ ಏರಿಯ ಮೇಲೆ ಬಟ್ಟೆ ಹಿಂಡುತ್ತಿದ್ದಳು. ಅತ್ತಿಗೆ ಬೈದಳಂತೆ, ಹಾಳೆ ಹರಿದವಳು ಅತ್ತಿಗೆಯೇ ಅಂತೆ. ಓದಬೇಡ ಅಂದಳೇ ಎಂದು ಕೇಳಿದೆ.

"ಓದೋದಕ್ಕಲ್ಲ ಅಕ್ಕೋರೆ. ಆ ಅಕ್ಷರ ಸಾವಿನ ಕಾಗದದ್ದು. ಅದನ್ನ ಮನೆ ಒಳಗೆ ಇಟ್ಕಂತಾರಾ?"

ಆಗ ತಿಳಿಯಿತು. ಆ ಕಡೆ ಯಾರಾದರೂ ತೀರಿಕೊಂಡರೆ ತಿಥಿಗೋ ಶಿವಗಣಾರಾಧನೆಗೋ ಕರೆಯುವ ಕಾರ್ಡು ಬರುತ್ತದೆ. ಓದು ಬಲ್ಲವರು ಯಾರಾದರೂ ಜಗಲಿಯಲ್ಲಿ ನಿಂತು ಅದನ್ನು ಓದಿ ಹೇಳುತ್ತಾರೆ, ಕೂಡಲೇ ಹರಿದು ಹೊರಗೆ ಬಿಸಾಡುತ್ತಾರೆ. ಹೊಸಿಲು ದಾಟಿಸುವುದಿಲ್ಲ. ನಮ್ಮ ಮನೆಯಲ್ಲೂ ಅದೇ ಪದ್ಧತಿಯಿತ್ತು. ಸತ್ತವರ ಹೆಸರು ಅಚ್ಚಾಗುತ್ತಿದ್ದದ್ದು ಮಾವನ ದಪ್ಪ ಮೊಳೆಯಲ್ಲಿ. ಓದು ಬಾರದ ಹೆಂಗಸರು ಕಾರ್ಡಿನ ಮೇಲೆ ಏನು ಬರೆದಿದೆ ಎಂಬುದನ್ನು ನೋಡುತ್ತಿರಲಿಲ್ಲ, ಅಕ್ಷರದ ಆಕಾರ ನೋಡಿಯೇ ತಿಳಿಯುತ್ತಿದ್ದರು. ತೆಳ್ಳಗೆ, ಕೆಂಪಗೆ, ಮೂಲೆಯಲ್ಲಿ ಅರಿಶಿನವಿದ್ದರೆ ಮದುವೆ. ದಪ್ಪಗೆ, ಕಪ್ಪಗಿದ್ದರೆ ಸಾವು. ನಾಟಕದ ಕರಪತ್ರದಲ್ಲೂ ಅದೇ ಮೊಳೆಯಿತ್ತು, ಆದರೆ ಅದು ಊರ ಗೋಡೆಯದು, ಯಾರ ಮನೆಗೂ ಬರುವಂಥದ್ದಲ್ಲ. ನಾನು ಮನೆಮನೆಗೂ ಒಂದೊಂದು ಸಾವಿನ ಕಾಗದ ಹಂಚಿ ಬಂದಿದ್ದೆ.

ಮಾವನಿಗೆ ಹೇಳಿದರೆ ಅವರು ಟ್ರೆಡಲ್ ನಿಲ್ಲಿಸಿ ಕೂತುಬಿಟ್ಟರು. "ಇಷ್ಟ್ ವರ್ಷ ಆ ಕಾರ್ಡು ಅಚ್ಚು ಹಾಕೀನಿ. ನನಗೇ ಹೊಳೀಲಿಲ್ಲ ನೋಡು" ಅಂದರು. ಆಮೇಲೆ ಅವರೇ ಉತ್ಸಾಹದಿಂದ ಎದ್ದು, ಕೆಂಪು ಮಸಿಯಲ್ಲಿ ಹಾಕೋಣ, ಆಗ ಲಗ್ನಪತ್ರಿಕೆಯ ಹಾಗೆ ಆಗುತ್ತದೆ ಎಂದರು. ರೋಲರು ತೊಳೆದು ಕೆಂಪು ಮಸಿ ಹಚ್ಚಿದೆವು. ಹಾಳೆ ಬಹಳ ಚೆಂದ ಬಂತು. ಆಕೆಗೆ ಮಾತ್ರ ಕಾಣಲಿಲ್ಲ. ಅಕ್ಷರ ಇದೆ ಅಂತ ಗೊತ್ತಾಗುತ್ತದೆ, ಆದರೆ ಹಿಡಿತಕ್ಕೆ ಸಿಗುವುದಿಲ್ಲ, ನೀರೊಳಗಿನ ಮೀನಿನ ಹಾಗೆ ಅಂದಳು. ನೀಲಿಯೂ ಹಾಗೇ ಆಯಿತು. ಆಕೆಯ ಕಣ್ಣಿಗೆ ಕಪ್ಪೇ ಬೇಕು, ದಪ್ಪವೇ ಬೇಕು. ಊರಿಗೆ ಆ ಎರಡೂ ಬೇಡ.

ಅಧಿಕಾರಿ ಬರುವ ದಿನ ಹತ್ತಿರವಾಗುತ್ತಿತ್ತು. ತರಗತಿಯಲ್ಲಿ ಮಾತ್ರ ಓದಿಸಿ ಸಾಲದು, ಮನೆಯಲ್ಲಿ ಬಿಡುವಾದಾಗಲೆಲ್ಲ ಆಕೆ ಓದಬೇಕಿತ್ತು. ಬೇರೆ ದಾರಿ ಹುಡುಕುತ್ತ ಕೆಲವು ದಿನ ಕಳೆದೆ. ಹಲಗೆಯ ಮೇಲೆ ಬರೆದುಕೊಡುವುದು, ಇದ್ದಿಲಲ್ಲಿ ಗೋಡೆಗೆ ಬರೆಯುವುದು. ಯಾವುದರಲ್ಲೂ ಅಚ್ಚಿನ ಅಕ್ಷರದ ಆ ಖಚಿತವಾದ ಏರಿಳಿತ ಬರುತ್ತಿರಲಿಲ್ಲ. ನನ್ನ ಕೈಬರಹ ದಿನಕ್ಕೊಂದು ಥರ. ಕೊನೆಗೆ ಮೊಳೆಯನ್ನೂ ಮಸಿಯನ್ನೂ ಬದಲಿಸುವುದು ಬೇಡ, ಕಪ್ಪು ಹಾಳೆಯನ್ನೇ ಹಿಡಿದು ಅತ್ತಿಗೆಯ ಹತ್ತಿರ ಹೋಗಿ ಮಾತಾಡುವುದು ಎಂದು ನಿರ್ಧರಿಸಿದೆ. ಇಷ್ಟು ಸರಳವಾದದ್ದನ್ನು ಕೊನೆಗೆ ಯಾಕೆ ಇಟ್ಟುಕೊಂಡೆನೋ. ಅತ್ತಿಗೆಯೊಡನೆ ವಾದಿಸಲು ನನಗೆ ಅಳುಕಿತ್ತು.

ಅತ್ತಿಗೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಬೈಯುವವಳೆಂದು ಕೇಳಿದ್ದೆ, ಬೈಯಲಿಲ್ಲ. ಕೂರಲು ಮಣೆ ಸರಿಸಿದಳು. ನಾದಿನಿ ಹರಿಹರಕ್ಕೆ ಹೋಗಲೆಂದು ತನಗೇನೂ ಆಸೆಯಿಲ್ಲ, ಇವಳಿಲ್ಲದಿದ್ದರೆ ತನ್ನ ಮಕ್ಕಳು ಊಟವನ್ನೇ ಮಾಡುವುದಿಲ್ಲ ಎಂದಳು. ಆದರೆ ಮನೆಯಲ್ಲಿ ಗಂಡನ ತಂದೆಗೆ ಹುಷಾರಿಲ್ಲದಿದ್ದಾಗ ಅಂಥ ಹಾಳೆ ಒಳಗೆ ಬಂದರೆ ಏನು ಮಾಡಬೇಕು?

"ಇದ್ರಲ್ಲಿ ಯಾರೂ ಸತ್ತಿಲ್ಲ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು, ಅಕ್ಕೋರೆ?"

ಒಳಗಿಂದ ನಾದಿನಿಯೇ ಬಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು. ಅಂಗಳಕ್ಕಿಳಿದು, ಬಿಸಿಲಿಗೆ ಬೆನ್ನು ಮಾಡಿ, ತಲೆ ವಾಲಿಸಿ ಓದಿದಳು. ಬತ್ತವನ್ನು ಬಿಸಿಲಿಗೆ ಹರವಬೇಕು, ಆಗಾಗ ಕೈಯಾಡಿಸಬೇಕು, ಬೂದಿ ಬೆರೆಸಿ ಮಡಕೆಗೆ ತುಂಬಬೇಕು. ಆರು ಸಾಲು ಮುಗಿಯಿತು. ಅತ್ತಿಗೆ ಅವರೆಕಾಯಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಅಷ್ಟೇಯಾ? ಅಷ್ಟು ಹೇಳಾಕೆ ಇಷ್ಟು ದಪ್ಪ ಅಕ್ಷರ ಬೇಕಾ?"

"ನಂಗೆ ಬೇಕು ಅತ್ಗೆ" ಅಂದಳು ಆಕೆ.

ಅತ್ತಿಗೆ ಎದ್ದು ಒಳಗೆ ಹೋದಳು. ಬರುವಾಗ ಬೆರಳ ತುದಿಯಲ್ಲಿ ನೀರಿಗೆ ಕಲಸಿದ ಅರಿಶಿನವಿತ್ತು. ಹಾಳೆಯ ನಾಲ್ಕು ಮೂಲೆಗೂ ಒತ್ತಿ, ಒಣಗಲಿ ಎಂದು ಊದಿ, ನಾದಿನಿಯ ಕೈಗೆ ಕೊಟ್ಟಳು. ಆಮೇಲೆ ನಾನು ಹೋದಾಗಲೆಲ್ಲ ಆ ಹಾಳೆ ಅಡುಗೆಮನೆ ಬಾಗಿಲ ಪಕ್ಕ ಅಂಟಿಕೊಂಡಿರುತ್ತಿತ್ತು. ಬೇರೆ ಮನೆಗಳವರೂ ಹಾಳೆ ಕೊಟ್ಟ ಕೂಡಲೇ ಮೂಲೆಗೆ ಅರಿಶಿನ ಹಚ್ಚಿಕೊಳ್ಳತೊಡಗಿದರು. ಮಾವ ವಾರಕ್ಕೊಂದು ಹೊಸ ಹಾಳೆ ಕಳಿಸಿದರು. ಮೊಳೆ ಸವೆಯುವ ಮಾತು ಮತ್ತೆ ಎತ್ತಲಿಲ್ಲ.

ಇನ್ನು ಉಳಿದದ್ದು ಅಧಿಕಾರಿಯವರು. ಅವರು ಬಯಲುಸೀಮೆಯ ಕಡೆಯವರು, ಕೆಟ್ಟವರಲ್ಲ, ನಿಯಮದ ಮನುಷ್ಯ. ಓದಿಸಬೇಕಾದದ್ದು ಪಠ್ಯಪುಸ್ತಕದ ಪುಟವೆಂದು ಅವರ ಆದೇಶದಲ್ಲಿತ್ತು. ಸೊರಬದ ಪ್ರವಾಸಿ ಮಂದಿರದಲ್ಲಿ ಅವರನ್ನು ಕಂಡು ಆಕೆಯ ಕಣ್ಣಿನ ವಿಷಯ ಹೇಳಿದೆ. ನಾಟಕದ ಬೋರ್ಡು ಓದುವವರನ್ನೆಲ್ಲ ತೆಗೆದುಕೊಳ್ಳೋಕಾಗುತ್ತೇನಮ್ಮಾ ಎಂದರು. ಬಾಲವಾಡಿಯಲ್ಲಿ ಗೋಡೆಗೆ ಹಾಕುವ ಪಟಗಳು, ಮಕ್ಕಳ ಅಕ್ಷರಮಾಲೆ ಎಲ್ಲವೂ ದಪ್ಪ ಅಕ್ಷರದ್ದೇ ತಾನೇ, ಆಕೆ ದಿನವೂ ಓದಬೇಕಾದದ್ದು ಅದನ್ನೇ ಅಲ್ಲವೇ ಎಂದು ನಾನು ಕೇಳಿದೆ. ಅವರು ಆದೇಶದ ಹಾಳೆಯನ್ನು ಇನ್ನೊಮ್ಮೆ ಓದಿದರು. ಸರಿ, ದಪ್ಪ ಅಕ್ಷರದಲ್ಲೇ ಓದಲಿ, ಆದರೆ ವಿಷಯ ನನ್ನದು, ನೀವಾಗಲಿ ಆಕೆಯಾಗಲಿ ಮೊದಲೇ ನೋಡಕೂಡದು ಎಂದರು. ತಾವೇ ಒಂದು ಪುಟ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಜವಾನನ ಕೈಯಲ್ಲಿ ಶಿಕಾರಿಪುರಕ್ಕೆ ಕಳಿಸಿದರು. ಅಚ್ಚಾದ ಹಾಳೆಯೂ ಹಾಗೇ ಲಕೋಟೆಯಲ್ಲಿ ಅವರ ಕೈಗೇ ಬಂತು. ಆ ವಾರ ನಾನು ಶಿಕಾರಿಪುರದ ಕಡೆ ತಲೆಹಾಕಲಿಲ್ಲ.

ಬ್ಲಾಕ್ ಆಫೀಸಿನ ಕಿಟಕಿಯ ಪಕ್ಕ ಆಕೆಯನ್ನು ನಿಲ್ಲಿಸಿದರು. ಅಧಿಕಾರಿ ಲಕೋಟೆ ಒಡೆದು, ಹಾಳೆಯನ್ನು ತಾವು ನೋಡದೆ ಹಾಗೇ ಆಕೆಗೆ ಕೊಟ್ಟರು. ಅತ್ತಿಗೆ ಬಾಗಿಲ ಹೊರಗೆ ನಿಂತಿದ್ದಳು. ಆಕೆ ತಲೆ ವಾಲಿಸಿದಳು. ಮೊದಲ ಪದಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಸಾಲು ಹಿಡಿದಳು.

"ನಾಟಿಯ ದಿನ. ಹೆಂಗಸರು ಗೊರಬು ಹೊತ್ತು ಗದ್ದೆಗೆ ಇಳಿದರು. ಮಕ್ಕಳು ಬದುವಿನ ಮೇಲೆ ಕೂತರು."

ಅಷ್ಟರಲ್ಲಿ ಅಧಿಕಾರಿ ತಲೆಯೆತ್ತಿದರು. ಆಕೆಯನ್ನಲ್ಲ, ನನ್ನನ್ನು ನೋಡಿದರು. ಅವರ ಸುತ್ತೋಲೆಗಳನ್ನು ನಾನು ಎಷ್ಟೋ ಓದಿದ್ದೆ. ಅವರ ಒಂದೊಂದು ವಾಕ್ಯವೂ ಉಸಿರು ಕಟ್ಟುವಷ್ಟು ಉದ್ದ. ಮಳೆಯಲ್ಲಿ ನಾಟಿ ಮಾಡುವಾಗ ಬೆನ್ನ ಮೇಲೆ ಹೊರುವ ಎಲೆಯ ಗೊರಬನ್ನು ಆ ಬಯಲುಸೀಮೆಯವರು ಕಂಡಿದ್ದರೋ ಇಲ್ಲವೋ. ಈ ಹಾಳೆಯಲ್ಲೋ ಒಂದೊಂದು ಸಾಲಿಗೆ ಒಂದೊಂದು ವಾಕ್ಯ, ಹೊಸಬಾಳೆಯ ಹೆಂಗಸರು ಆಡುವಂಥ ಮಾತು. ನಾನು ಕಿಟಕಿಯ ಕಡೆ ನೋಡಿದೆ. ಅವರು ಮತ್ತೆ ತಲೆ ತಗ್ಗಿಸಿ, "ಮುಂದೆ ಓದಮ್ಮ" ಎಂದರು.

ಆಕೆ ಕೊನೆಯವರೆಗೂ ಓದಿದಳು. ಅವರು ಹಾಳೆ ತೆಗೆದುಕೊಂಡು ಒಮ್ಮೆ ನೋಡಿ, ಮಡಚಿ ಫೈಲಿನೊಳಗೆ ಇಟ್ಟರು. ಸ್ಪಷ್ಟವಾಗಿ ಓದುತ್ತಾಳೆ ಎಂದಷ್ಟೇ ಹೇಳಿದರು. ನೇಮಕದ ಆದೇಶ ಬಂದ ದಿನ ಅತ್ತಿಗೆ ಇಡೀ ಕೇರಿಗೆ ಮಂಡಕ್ಕಿ ಹಂಚಿದಳು. ಹರಿಹರದ ಮಾತು ಅಲ್ಲಿಗೆ ನಿಂತಿತು.

ಆ ಹಾಳೆಯ ಮಾತು ಅಧಿಕಾರಿಯದು ಹೌದೋ ಅಲ್ಲವೋ ಎಂದು ನಾನು ಯೋಚಿಸುವುದೇ ಆಕೆಗೆ ಮಾಡುವ ಅನ್ಯಾಯವೇನೋ. ಅಧಿಕಾರಿಯೇ ಅವಳಿಗೆಂದು ಸರಳವಾಗಿ ಬರೆದಿರಬಹುದು. ಗೊರಬಿನ ವಿಷಯವನ್ನು ಪ್ರವಾಸಿ ಮಂದಿರದ ಅಡುಗೆಯವರನ್ನು ಕೇಳಿ ತಿಳಿದುಕೊಂಡಿರಬಹುದು. ಅವರ ಉದ್ದನೆಯ ವಾಕ್ಯವಿದ್ದಿದ್ದರೂ, ಸುತ್ತ ಸಾಕಷ್ಟು ಬಿಳುಪು ಬಿಟ್ಟು ಕೊಟ್ಟಿದ್ದರೆ, ಆಕೆ ಓದಿಬಿಡುತ್ತಿದ್ದಳು ಎಂದೇ ನನ್ನ ನಂಬಿಕೆ. ನಂಬಿಕೆ ಅಂದೆ, ಖಾತ್ರಿ ಅನ್ನಲಿಲ್ಲ.

ಆಮೇಲೆ ಶಿಕಾರಿಪುರಕ್ಕೆ ಹೋದಾಗ ಮಾವ ದಪ್ಪ ಮೊಳೆಗಳನ್ನು ಕೇಸಿಗೆ ಹಿಂದಿರುಗಿಸುತ್ತಿದ್ದರು. ಪಾಸಾದಳಂತಲ್ಲ ಎಂದು ಕೇಳಿದರು. ಹೌದೆಂದೆ. ನಾನು ಒಂದು ಪ್ರಶ್ನೆ ಕೇಳಿದೆ. ಸೀಮೆಎಣ್ಣೆ ಡಬ್ಬ ಈ ಕಡೆ ಸರಿಸು ಎಂದರು, ಸರಿಸಿದೆ. ಅಚ್ಚುಕೂಟ ಮುಚ್ಚಿದ ದಿನವೂ ಕೇಳಿದೆ. ಹೋದ ದೀಪಾವಳಿಗೆ ಮನೆಗೆ ಬಂದಿದ್ದಾಗಲೂ ಕೇಳಿದೆ, ಕಾಫಿ ಆರಿಹೋಗುತ್ತದೆ ಎಂದರು. ವಯಸ್ಸಾಗಿದೆ, ಆದರೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಮೂರು ಸಲವೂ ನಾನು ಕೇಳಿದ್ದು ಇಷ್ಟೇ: "ಮಾವ, ಅವರು ಬರೆದು ಕಳಿಸಿದ್ದನ್ನೇ ಜೋಡಿಸಿದಿರಾ?"